ಹೇಳಲು ಮಾತು ಬೇಕು, ಕೇಳಲು ಕಿವಿ ಬೇಕು

ನಮ್ಮ ಕರಾವಳಿಯಲ್ಲಿ ಮನೆ, ಫ್ಲ್ಯಾಟ್ ಕಟ್ಟುವ ಕೆಲಸಕ್ಕೆ ಬಂದವರಲ್ಲಿ ಯಾದಗಿರಿ, ರಾಯಚೂರು ಕಡೆಯವರೂ ಇದ್ದಾರೆ. ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಬೋನಾಳ ಅಂದರೆ ಪಕ್ಷಿಧಾಮದ ಕೆರೆಯಿಂದ ಹೆಸರಾದ ಊರು. ದೂರದ ಹಕ್ಕಿಗಳು ಆ ಕೆರೆಗೆ ಬರುತ್ತವೆ. ಆ ಸೀಮೆಯ ಬಡವರು ಮಾತ್ರ ಕೂಲಿ ಹುಡುಕಿಕೊಂಡು ದೂರದ ಪಟ್ಟಣಗಳಿಗೆ ಹೊರಡುತ್ತಾರೆ. ಜೊತೆಯಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳೂ ಇರುತ್ತಾರೆ. ತಾಯಿ ಸಿಮೆಂಟ್ ಹೊರುವಾಗ ಮಗು ಮರಳಿನ ರಾಶಿ ಮೇಲೆ ಆಡ್ತಾ ಇರುತ್ತದೆ. ಅದಕ್ಕೆ ಗೊತ್ತಿರುವುದು ಆ ಕಡೆಯ ಕನ್ನಡ, ಇಲ್ಲವೇ ಉರ್ದು ಅಥವಾ ಲಂಬಾಣಿ. ಸುತ್ತ ಕಿವಿಗೆ ಬೀಳುವುದು ತುಳು ಮತ್ತು ಬ್ಯಾರಿ. ಆ ಮಗುವಿಗೆ ಯಾರಾದರೂ ಕೆಟ್ಟದು ಮಾಡಿದರೆ ಅದು ಯಾರಿಗೆ, ಯಾವ ಮಾತಿನಲ್ಲಿ ಹೇಳಬೇಕು?

‘ಅವರ ಮಕ್ಕಳ ಸುದ್ದಿ ನಮಗೆ ಯಾಕೆ?’ ಅಂತ ಕೇಳುವವರು ಒಮ್ಮೆ ತಮ್ಮ ಮನೆಯೊಳಗೆ ನೋಡಲಿ. ನಮ್ಮ ಮಗುವಿಗೆ ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಮದ್ರಸದಲ್ಲಿ ಅರಬಿ ಅಕ್ಷರ, ನರ್ಸರಿಯಲ್ಲಿ ಇಂಗ್ಲಿಷ್. ಇಷ್ಟೊಂದು ಭಾಷೆ ಸಿಗುವುದು ಭಾಗ್ಯವೇ. ಹಲವು ಭಾಷೆ ಕೇಳಿದರೆ ಮಗುವಿಗೆ ಮಾತು ತಡವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ತೊಂದರೆ ಇರುವುದು ಬೇರೆ ಕಡೆ. ಇಂಗ್ಲಿಷ್ ರೈಮ್ಸ್ ಒಪ್ಪಿಸುವ ನಮ್ಮ ಮಗುವಿಗೆ ‘ನನಗೆ ಹೆದರಿಕೆ ಆಗ್ತದೆ’, ‘ಅವರು ಮುಟ್ಟಿದ್ದು ನನಗೆ ಇಷ್ಟ ಆಗ್ಲಿಲ್ಲ’ ಎನ್ನಲು ಮನೆಭಾಷೆಯಲ್ಲೂ ಮಾತಿಲ್ಲ. ನಾವು ಕಲಿಸಿಲ್ಲ. ಕಣ್ಣು, ಮೂಗು, ಕಿವಿ ತೋರಿಸಿ ಹೆಸರು ಹೇಳಿಸುತ್ತೇವೆ. ಹೊಟ್ಟೆಯ ಕೆಳಗೆ ಬಂದಾಗ ‘ಛೀ, ಸುಮ್ನಿರು’ ಅನ್ನುತ್ತೇವೆ. ದೇಹದ ಆ ಭಾಗದ ಬಗ್ಗೆ ಮಾತಾಡಿದರೆ ಬೈಗುಳ ಸಿಗುತ್ತದೆ ಎಂಬುದೇ ಅಲ್ಲಿ ಮಗು ಕಲಿಯುವ ಪಾಠ. ಕೆಟ್ಟ ಮನಸ್ಸಿನವನಿಗೆ ಬೇಕಾದದ್ದೂ ಅದೇ ಮೌನ.

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದಾಗ ಶೇ. 53ರಷ್ಟು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ಕಿರುಕುಳ ಆಗಿದೆ ಎಂದರು. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರೇ. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ ಎಂಬುದೂ ಅದರಲ್ಲಿ ಬಂತು. ‘ಗುರುತಿಲ್ಲದವರ ಹತ್ತಿರ ಹೋಗ್ಬೇಡ’ ಎಂಬ ಒಂದೇ ಮಾತು ಸಾಲದು ಎನ್ನಲು ಇಷ್ಟು ಸಾಕು.

ಹಾಗಾಗಿ ಮಾತು ಕಲಿಸುವುದು ಮತ್ತು ಸುರಕ್ಷತೆ ಕಲಿಸುವುದು ಎರಡು ಬೇರೆ ಕೆಲಸ ಅಲ್ಲ. ಎರಡೂ ಒಂದೇ ಮಡಿಲಿನಲ್ಲಿ ಶುರುವಾಗಬೇಕು. ಮಗುವಿಗೆ ಮಾತು ಬರುವುದು ಮಾತಿಗೆ ಮಾತು ಸಿಕ್ಕಾಗ. ಮೊಬೈಲ್ ಹಾಡುತ್ತದೆ, ಆದರೆ ಮಗು ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ, ಎರಡು ವರ್ಷ ತುಂಬುವ ತನಕ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಗಲ್ಫ್‌ನಲ್ಲಿರುವ ಬಾಪ ರಾತ್ರಿ ಫೋನ್ ಮಾಡಿದಾಗ ‘ಹೋಂವರ್ಕ್ ಆಯ್ತಾ?’ ಎಂದಷ್ಟೇ ಕೇಳುವುದರ ಬದಲು ‘ಇವತ್ತು ಯಾರ ಜೊತೆ ಆಡಿದ್ದು? ಯಾವುದಕ್ಕೆ ಬೇಜಾರಾಯ್ತು?’ ಎಂದು ಕೇಳಲಿ. ಎರಡು ವರ್ಷ ತುಂಬಿದರೂ ಮಗು ಎರಡು ಪದ ಜೋಡಿಸಿ ಹೇಳದಿದ್ದರೆ ‘ಗಂಡು ಮಕ್ಕಳಿಗೆ ತಡ’ ಅಂತ ಕಾಯಬೇಡಿ. ಕಿವಿ ಪರೀಕ್ಷೆ ಮಾಡಿಸಿ, ವೈದ್ಯರಿಗೆ ತೋರಿಸಿ. ಅಂಗನವಾಡಿ ಮಕ್ಕಳ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರಲ್ಲಿ ಬೆಳವಣಿಗೆಯ ಕುಂದುಗಳನ್ನೂ ನೋಡುತ್ತಾರೆ.

ಸುರಕ್ಷತೆಯ ಪಾಠ ದೊಡ್ಡದೇನಲ್ಲ. ಸ್ನಾನ ಮಾಡಿಸುವಾಗ ದೇಹದ ಎಲ್ಲ ಭಾಗಕ್ಕೂ ಸರಿಯಾದ ಹೆಸರು ಹೇಳಿಕೊಡಿ. ಬಟ್ಟೆ ಮುಚ್ಚುವ ಜಾಗವನ್ನು ಬೇರೆಯವರು ಮುಟ್ಟಬಾರದು, ತಮ್ಮದನ್ನು ಮುಟ್ಟಲು ಮಗುವಿಗೆ ಹೇಳಲೂ ಬಾರದು, ಯಾರಾದರೂ ‘ಉಮ್ಮನಿಗೆ ಹೇಳ್ಬೇಡ’ ಅಂದರೆ ಅದನ್ನೇ ಮೊದಲು ಉಮ್ಮನಿಗೆ ಹೇಳಬೇಕು. ಇಷ್ಟನ್ನು ಬ್ಯಾರಿಯಲ್ಲೇ, ಆಟದಂತೆ ಹೇಳಿಕೊಡಿ. ಹುಡುಗನಿಗೂ ಹೇಳಿಕೊಡಿ. ನೆಂಟರು ಬಂದಾಗ ‘ಮಾಮನಿಗೆ ಮುತ್ತು ಕೊಡು’ ಎಂದು ಒತ್ತಾಯಿಸಬೇಡಿ. ಮಗು ಒಲ್ಲೆ ಅಂದರೆ ಬಿಟ್ಟುಬಿಡಿ. ಸಲಾಂ ಹೇಳಿದರೆ ಮರ್ಯಾದೆಗೆ ಸಾಕು.

ಒಂದು ಮಾತು ಮಾತ್ರ ಮರೆಯಬಾರದು. ಕಾಯುವ ಕೆಲಸ ಮಗುವಿನದ್ದಲ್ಲ, ನಮ್ಮದು. ಮಗು ಹೇಳಿತು, ನಾವು ನಂಬಲಿಲ್ಲ ಅಂದರೆ ಕಲಿಸಿದ್ದೆಲ್ಲ ನೀರಿಗೆ ಹಾಕಿದ ಹಾಗೆ. ‘ಕುಟುಂಬದ ಮಾನ’, ‘ಜಮಾಅತಿನ ಹೆಸರು’ ಎಂದು ಒಳಗೊಳಗೇ ಮುಗಿಸುವುದು ಮಗುವಿಗೆ ಮಾಡುವ ಎರಡನೇ ಅನ್ಯಾಯ. ಕಾನೂನೂ ಅದನ್ನು ಒಪ್ಪುವುದಿಲ್ಲ. 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಹುಡುಗ, ಹುಡುಗಿ ಇಬ್ಬರಿಗೂ ಅನ್ವಯಿಸುತ್ತದೆ. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಶಿಕ್ಷೆಗೆ ಗುರಿಯಾಗುವ ತಪ್ಪು. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗುವಿಗೆ ಇಷ್ಟವಾದ ಜಾಗದಲ್ಲಿ, ಸಮವಸ್ತ್ರ ಇಲ್ಲದೆ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ ಪಡೆಯಬೇಕು. ದಾಖಲಿಸುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ಭಾಷಾಂತರಕಾರರನ್ನು ಕೊಡಬೇಕು. ಅಂದರೆ ಬ್ಯಾರಿ ಮಗು ಬ್ಯಾರಿಯಲ್ಲಿ, ಲಂಬಾಣಿ ಮಗು ಲಂಬಾಣಿಯಲ್ಲಿ ಹೇಳಬಹುದು. ಮಗುವಿನ ಗುರುತನ್ನು ಪತ್ರಿಕೆಗಳು ಬಯಲು ಮಾಡುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇದೆ, ಕರೆಗೆ ದುಡ್ಡಿಲ್ಲ.

2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88 ದಾಟಿತ್ತು, ಯಾದಗಿರಿಯದು ಶೇ. 52ರ ಆಸುಪಾಸು. ಓದು ಬಂದವರು ನಾವು ಎಂಬ ಹೆಮ್ಮೆ ಇದ್ದರೆ ಹೊಣೆಯೂ ನಮ್ಮದೇ. ಜಮಾಅತ್ ಕಮಿಟಿಗಳು ವರ್ಷಕ್ಕೊಮ್ಮೆಯಾದರೂ ಉಮ್ಮಂದಿರು, ಉಸ್ತಾದರು, ಶಾಲಾ ವ್ಯಾನಿನ ಚಾಲಕರು ಎಲ್ಲರನ್ನೂ ಕೂರಿಸಿ ಈ ವಿಷಯ ಮಾತಾಡಲಿ. ಮದ್ರಸವಿರಲಿ, ಟ್ಯೂಷನ್ ಇರಲಿ, ಮಗು ಮತ್ತು ದೊಡ್ಡವರು ಇಬ್ಬರೇ ಮುಚ್ಚಿದ ಬಾಗಿಲ ಹಿಂದೆ ಇರಬಾರದು ಎಂಬ ನಿಯಮ ಮಾಡಲಿ. ಅದು ಯಾರ ಮೇಲೂ ಸಂಶಯವಲ್ಲ, ಒಳ್ಳೆಯ ಉಸ್ತಾದರಿಗೂ ಅದರಿಂದ ರಕ್ಷಣೆಯೇ. ನಮ್ಮಲ್ಲಿ ಕಟ್ಟಡ ಕಟ್ಟಿಸುವ ಕಾಂಟ್ರಾಕ್ಟರುಗಳು ಬಹಳ ಮಂದಿ ಇದ್ದಾರೆ. ಸೈಟಿನ ಮಕ್ಕಳನ್ನು ಹತ್ತಿರದ ಅಂಗನವಾಡಿಗೆ ಸೇರಿಸಲು ಅವರು ಒಂದು ಗಳಿಗೆ ಕೊಡಲಿ. ಕೂಲಿಗೆ ವಲಸೆ ಬಂದವರ ಮಕ್ಕಳಿಗೂ ಅದರ ಬಾಗಿಲು ತೆರೆದೇ ಇದೆ.

ಬೋನಾಳದ ಕಡೆಯ ಮಗು ‘ಯವ್ವಾ’ ಅನ್ನುತ್ತದೆ, ತಾಂಡಾದ ಮಗು ‘ಯಾಡಿ’ ಅನ್ನುತ್ತದೆ, ನಮ್ಮ ಮಗು ‘ಉಮ್ಮ’ ಅನ್ನುತ್ತದೆ. ಹೆದರಿದಾಗ ಮೂವರೂ ಕರೆಯುವುದು ಆ ಭಾಷೆಯಲ್ಲೇ. ಇವತ್ತು ರಾತ್ರಿ ಫೋನ್ ಪಕ್ಕಕ್ಕಿಟ್ಟು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿ. ಅದು ಹೇಳಿದ್ದನ್ನು ಪೂರ್ತಿ ಕೇಳಿ.