ಗುದ್ದಿದ ವಾಹನಕ್ಕೆ ವಿಮೆ ಇಲ್ಲದಿದ್ದರೆ: ಅಹಮದಾಬಾದ್, ವಡೋದರಾ, ಸೂರತ್ ಕನ್ನಡಿಗರಿಗೆ

ಭಾರತದಲ್ಲಿ ಮೋಟಾರು ವಿಮೆ ವಾಹನದ ಮೇಲಿರುತ್ತದೆ, ಚಾಲಕನ ಮೇಲಲ್ಲ. ಗುದ್ದಿದವನ ಬಳಿ ಲೈಸೆನ್ಸ್ ಇಲ್ಲ ಎಂದ ಮಾತ್ರಕ್ಕೆ ಪರಿಹಾರ ಕೈತಪ್ಪುವುದಿಲ್ಲ. ಸುಪ್ರೀಂ ಕೋರ್ಟ್ 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿದ ಮೇರೆಗೆ, ಇಂಥ ಕಡೆ ವಿಮಾ ಕಂಪನಿಯೇ ಮೊದಲು ಗಾಯಾಳುವಿಗೆ ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳುತ್ತದೆ. ನಿಜವಾದ ತೊಡಕು ವಾಹನಕ್ಕೇ ಪಾಲಿಸಿ ಇಲ್ಲದಾಗ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಮೂರನೇ ವ್ಯಕ್ತಿ ವಿಮೆಯನ್ನು ಕಡ್ಡಾಯ ಮಾಡಿದೆ. ತಪ್ಪಿದರೆ ಮೊದಲ ಸಲ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಈ ದಂಡಕ್ಕೆ ಹೆದರುವವರು ಕಡಿಮೆ. ಹೊಸ ಬೈಕಿನ ಜೊತೆ ಬಂದ ಐದು ವರ್ಷದ ಪಾಲಿಸಿ ಮುಗಿದ ಮೇಲೆ ನವೀಕರಿಸುವವರೂ ಕಡಿಮೆ.

ಪಾಲಿಸಿ ಇಲ್ಲ ಎಂಬ ಮಾಲೀಕನ ಮಾತನ್ನು ಹಾಗೇ ನಂಬಬೇಕಾಗಿಲ್ಲ. ನೋಂದಣಿ ಸಂಖ್ಯೆ ಹಾಕಿದರೆ ವಾಹನ್ ಪೋರ್ಟಲ್‌ನಲ್ಲಿ ವಿಮೆಯ ಸ್ಥಿತಿ ಕಾಣುತ್ತದೆ. ಗಾಡಿ ಅಹಮದಾಬಾದಿನ ಜಿಜೆ-1 ಆಗಲಿ, ಸೂರತ್‌ನ ಜಿಜೆ-5, ವಡೋದರಾದ ಜಿಜೆ-6 ಆಗಲಿ. ಚೆಕ್ ಬೌನ್ಸ್ ಆಗಿ ರದ್ದಾದ ಪಾಲಿಸಿಯನ್ನೂ ಒಮ್ಮೆ ಕೆದಕಬೇಕು. ಕರ್ನಾಟಕದಿಂದಲೇ ಹೋದ ಲಕ್ಷ್ಮಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದ್ದು ಇದು: ರದ್ದಾದ ಸುದ್ದಿ ಅಪಘಾತಕ್ಕೆ ಮುಂಚೆ ಮಾಲೀಕನಿಗೆ ಮುಟ್ಟಿರದಿದ್ದರೆ ಕಂಪನಿ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ.

ಮೊದಲ ಖರ್ಚು ಆಸ್ಪತ್ರೆಯದು. 2025ರ ಮೇ ತಿಂಗಳಲ್ಲಿ ಜಾರಿಯಾದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ ಸಿಗುತ್ತದೆ. ಗುದ್ದಿದ ವಾಹನಕ್ಕೆ ವಿಮೆ ಇರಲೇಬೇಕೆಂದಿಲ್ಲ. ಅಹಮದಾಬಾದಿನ ಅಸಾರ್ವಾ ಸಿವಿಲ್ ಆಸ್ಪತ್ರೆಯಿರಲಿ, ವಡೋದರಾದ ಸಯಾಜಿ ಆಸ್ಪತ್ರೆಯಿರಲಿ, ದಾಖಲಾಗುವಾಗಲೇ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ಬರೆಸಬೇಕು.

ಗಾಯಾಳುಗಳು ಹೆಚ್ಚು ಸೋಲುವುದು ಠಾಣೆಯ ಅಂಗಳದಲ್ಲಿ. ಅಲ್ಲೇ ಹತ್ತಿಪ್ಪತ್ತು ಸಾವಿರಕ್ಕೆ ರಾಜಿಯಾಗಿ ವಾಹನ ಬಿಟ್ಟುಕೊಟ್ಟರೆ, ವಸೂಲಿಗೆ ಇದ್ದ ಏಕೈಕ ಗಟ್ಟಿ ಆಸ್ತಿ ಕೈಬಿಟ್ಟಂತೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಮೊದಲ ಅಪಘಾತ ವರದಿ ಕಳಿಸಬೇಕು. ವಿಮೆ ಇಲ್ಲದ ವಾಹನವನ್ನು ಮಾಲೀಕ ಸಾಕಷ್ಟು ಭದ್ರತೆ ಕೊಡದೆ ಬಿಡಿಸಿಕೊಳ್ಳುವಂತಿಲ್ಲ. ಮೂರು ತಿಂಗಳಲ್ಲಿ ಕೊಡದಿದ್ದರೆ ಅದನ್ನು ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಗೆ ಕಟ್ಟಬೇಕು. ವಾಹನ ಬಿಡುಗಡೆಗೆ ಅರ್ಜಿ ಬಂದ ದಿನ ಮ್ಯಾಜಿಸ್ಟ್ರೇಟರ ಮುಂದೆ ಗಾಯಾಳುವಿನ ಕಡೆಯವರೊಬ್ಬರು ನಿಂತು ಆಕ್ಷೇಪಣೆ ಹಾಕಿದರೆ ಈ ನಿಯಮಕ್ಕೆ ಜೀವ ಬರುತ್ತದೆ.

ಪರಿಹಾರದ ಅರ್ಜಿ 166ನೇ ಕಲಮಿನಡಿ, ಅಪಘಾತವಾದ ಆರು ತಿಂಗಳೊಳಗೆ. ಈ ಮಿತಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದ್ದರೂ ಅದನ್ನು ನಂಬಿ ತಡಮಾಡುವುದು ಜಾಣತನವಲ್ಲ. ಸೂರತ್‌ನಲ್ಲಿ ಕಾಲು ಮುರಿದವರು ತಾವು ಕುಂದಾಪುರದಲ್ಲೋ ಕಲಬುರಗಿಯಲ್ಲೋ ವಾಸವಿದ್ದರೆ ಅಲ್ಲಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಗುಜರಾತಿಯಲ್ಲಿರುವ ಪೊಲೀಸ್ ಕಾಗದಗಳನ್ನು ಅನುವಾದ ಮಾಡಿಸಬೇಕಾಗುತ್ತದೆ, ಅಷ್ಟೆ. ವಾಹನವನ್ನು ಮಾರಿಯಾಯಿತು ಎನ್ನುವ ಮಾಲೀಕನನ್ನು ಬಿಡಬಾರದು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ನವೀನ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ತೀರ್ಮಾನವಾಗಿದೆ. ಆದೇಶವಾದ ಹಣ ಬರದಿದ್ದರೆ 174ನೇ ಕಲಮಿನಡಿ ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯ ಬಾಕಿಯಂತೆ ವಸೂಲಿ ಮಾಡಿಸಬಹುದು. ಮಹಿಳೆಯರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ.

ಅಪಘಾತದಲ್ಲಿ ಇನ್ನೊಂದು ವಾಹನವೂ ಇತ್ತೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ವಿಮೆ ಇಲ್ಲದ ಬೈಕು, ವಿಮೆ ಇರುವ ರಿಕ್ಷಾ ಎರಡರದ್ದೂ ತಪ್ಪಿದ್ದರೆ, ರಿಕ್ಷಾದಲ್ಲಿ ಕೂತಿದ್ದವರು ಪೂರ್ಣ ಪರಿಹಾರವನ್ನು ರಿಕ್ಷಾದ ಕಂಪನಿಯಿಂದಲೇ ಕೇಳಬಹುದು. ಇದು ಖೆನ್ಯೆಯಿ ಪ್ರಕರಣದ 2015ರ ತೀರ್ಪು.

ಅಮೆರಿಕದಲ್ಲಿ ವಿಮೆರಹಿತ ಚಾಲಕರಿಂದಾಗುವ ಗಾಯಕ್ಕೆಂದೇ ಸ್ವಂತ ಪಾಲಿಸಿಯಲ್ಲಿ ರಕ್ಷಣೆ ಕೊಳ್ಳಬಹುದು. ಇಲ್ಲಿ ಅದರ ಜಾಗವನ್ನು ಅರೆಬರೆ ತುಂಬುವುದು ಅಪಘಾತ ವಿಮೆ. ವಾಹನದ ಪಾಲಿಸಿಯ ಜೊತೆ ಮಾಲೀಕ-ಚಾಲಕನಿಗೆ ಸಿಗುವ 15 ಲಕ್ಷ ರೂಪಾಯಿ ರಕ್ಷಣೆ ಸಾವು, ಶಾಶ್ವತ ಊನಕ್ಕೆ ಮಾತ್ರ. ಮುರಿದ ಮೂಳೆ ಕೂಡಿಕೊಂಡರೆ ಏನೂ ಇಲ್ಲ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 18ರಿಂದ 70 ವಯಸ್ಸಿನವರಿಗೆ 2 ಲಕ್ಷದವರೆಗೆ ಕೊಡುತ್ತದೆ. ಇಎಸ್‌ಐ ಚೀಟಿ ಇದ್ದವರಿಗೆ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಉದ್ಯೋಗದ ಗಾಯವೇ. ಗಳಿಸುವ ವಯಸ್ಸಿನವರು ಇವುಗಳ ಮೇಲೆ ವಾರದ ಸಂಬಳವನ್ನೂ ಕೊಡುವ ಪ್ರತ್ಯೇಕ ಅಪಘಾತ ಪಾಲಿಸಿಯನ್ನು ಮಾಡಿಸಿಕೊಳ್ಳುವುದು ಒಳಿತು.

ಇಷ್ಟಾದರೂ ಕಾನೂನಿನಲ್ಲಿ ಒಂದು ಅಸಂಬದ್ಧ ಉಳಿದಿದೆ. ಗುದ್ದಿ ಪರಾರಿಯಾದ ವಾಹನದಿಂದ ತೀವ್ರ ಗಾಯವಾದರೆ 161ನೇ ಕಲಮಿನಡಿ 50,000, ಸಾವಾದರೆ 2 ಲಕ್ಷ ರೂಪಾಯಿ ಸಾರ್ವಜನಿಕ ನಿಧಿಯಿಂದ ಬರುತ್ತದೆ. ಚಾಲಕ ಓಡದೆ ನಿಂತು, ವಿಮೆಯೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ ಎಂದಾದರೆ ಗಾಯಾಳುವಿಗೆ ಆ ಪರಿಹಾರವೂ ಇಲ್ಲ. ಮೋಟಾರು ವಾಹನ ಅಪಘಾತ ನಿಧಿಯ ಹಣವನ್ನು ಇತರರಿಗೂ ವಿಸ್ತರಿಸುವ ಅಧಿಕಾರ 164ಬಿ ಕಲಮಿನಲ್ಲೇ ಕೇಂದ್ರ ಸರ್ಕಾರಕ್ಕಿದೆ. ವಿಮೆರಹಿತ ವಾಹನದ ಗಾಯಾಳುಗಳನ್ನು ಅದರೊಳಗೆ ತರಲು ಹೊಸ ಕಾಯ್ದೆ ಬೇಕಾಗಿಲ್ಲ. ಒಂದು ಅಧಿಸೂಚನೆ ಸಾಕು. ಮೂರೂ ನಗರಗಳ ಕನ್ನಡಿಗರು ತಮ್ಮ ಸಂಸದರ ಮುಂದೆ ಇಡಬೇಕಾದ ಬೇಡಿಕೆ ಇದೇ.