ಮುದಿಗಾಡಿಗೆ ಮರುಜೀವ

1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜನಿಸಿ, 1973ರಲ್ಲಿ ಯೆಜ್ಡಿಯೆಂಬ ನಾಮಾಂತರವನ್ನು ಪಡೆದು, 1996ರಲ್ಲಿ ಆ ಕಾರ್ಖಾನೆಯೇ ಮುಚ್ಚಿದರೂ ಮೈಸೂರಿಗರ ಮಮತೆಯನ್ನು ಕಳೆದುಕೊಳ್ಳದ ಮೋಟಾರ್‌ಸೈಕಲ್ ವಂಶದ ಮುದಿಗಾಡಿಯೊಂದನ್ನು ಹೆಬ್ಬಾಳದಲ್ಲಿ ಅಲ್ಪ ಬೆಲೆಗೆ ಕೊಂಡವನು, ಬಣ್ಣಕ್ಕೆ ಹಣ ಸುರಿಯುವ ಮುನ್ನ ಅದರ ಅಂತರಂಗವನ್ನು ಪರೀಕ್ಷಿಸತಕ್ಕದ್ದೆಂಬುದು ನನ್ನ ದೃಢವಾದ ಅಭಿಮತ.

ಟ್ಯಾಂಕಿನ ತುಕ್ಕನ್ನು ತೊಳೆದು, ಕಾರ್ಬುರೇಟರಿನ ಜೆಟ್ಟನ್ನು ಶುಚಿಗೊಳಿಸಿ, ಪಾಯಿಂಟಿನ ಮಸಿಯನ್ನು ಒರೆಸಿ, ಹೊಸ ಪ್ಲಗ್ಗೊಂದನ್ನು ತೊಡಿಸಿದರೆ, ಎಷ್ಟೋ ವೇಳೆ ಅಲ್ಪ ವ್ಯಯದಲ್ಲೇ ಪ್ರಾಣಸಂಚಾರವಾಗುವುದುಂಟು. ಈ ಟೂ-ಸ್ಟ್ರೋಕ್ ಯಂತ್ರಕ್ಕೆ ವಾಲ್ವುಗಳ ಗೊಡವೆಯಿಲ್ಲ. ಪೆಟ್ರೋಲಿನಲ್ಲಿ ಆಯಿಲ್ ಬೆರೆಸಲು ಮರೆತರೆ ಮಾತ್ರ ಪಿಸ್ಟನ್ ಹಿಡಿದುಕೊಂಡು, ಉಳಿಸಿದುದೆಲ್ಲ ಬೋರಿಂಗ್ ಅಂಗಡಿಯ ಪಾಲು. (ಕಿಕ್ಕರೇ ಗೇರಿನ ಸನ್ನೆಯೂ ಆಗಿರುವ ಆ ವೈಚಿತ್ರ್ಯವನ್ನು ಕಲಿಯುವುದಕ್ಕೆ ಮಾತ್ರ ಖರ್ಚಿಲ್ಲ!) ಬ್ರೇಕು, ಟೈರುಗಳಲ್ಲಿ ಜಿಪುಣತನ ಸಲ್ಲದು, ಬಣ್ಣವು ದಸರೆಯವರೆಗೆ ಕಾಯಲಿ.