ಒಂಟಿಮನೆಗೆ ಟ್ಯಾಂಕಿನ ನೀರು ಬೇಡ, ಅಬ್ಬಿ ನೀರು ಕೊಡಿ

ಮಲೆನಾಡಿನ ಎಷ್ಟೋ ಒಂಟಿಮನೆಗಳ ಅಂಗಳಕ್ಕೆ ಈಗ ಹೊಸದೊಂದು ಅಲಂಕಾರ ಬಂದಿದೆ: ಸಿಮೆಂಟಿನ ಪುಟ್ಟ ಕಟ್ಟೆ, ಅದರಲ್ಲೊಂದು ನಲ್ಲಿ, ಪಕ್ಕಕ್ಕೊಂದು ಮೀಟರು. ಕಡತದ ಪ್ರಕಾರ ಆ ಮನೆಗೆ ನೀರು ಬಂದಾಗಿದೆ. ಮನೆಯವರು ಮಾತ್ರ ಗುಡ್ಡದ ಒರತೆಯಿಂದ ತಾವೇ ಎಳೆದುಕೊಂಡ ಕಪ್ಪು ಪೈಪಿನ ನೀರನ್ನೇ ಕುಡಿಯುತ್ತಿದ್ದಾರೆ. ಕಟ್ಟೆ ಕರು ಕಟ್ಟಲು ಅನುಕೂಲವಾಗಿದೆ.

ಜಲ ಜೀವನ್ ಮಿಷನ್ ಘೋಷಣೆಯಾದದ್ದು 2019ರ ಆಗಸ್ಟ್ 15ರಂದು. 2024ರೊಳಗೆ ಹಳ್ಳಿಯ ಪ್ರತಿ ಮನೆಗೂ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ನೀರು ಎಂಬುದು ಮಾತು. ಆ ಗಡುವು ಮುಗಿದು, ಈಗ 2028ರವರೆಗೆ ವಿಸ್ತರಣೆಯಾಗಿದೆ. ಅರ್ಧ ದುಡ್ಡು ಕೇಂದ್ರದ್ದು, ಅರ್ಧ ರಾಜ್ಯದ್ದು. ಹಾಗಾಗಿ ದುಡ್ಡು ಬಂದಿಲ್ಲ ಎಂದು ಇವರು, ಬಂದದ್ದನ್ನೇ ಖರ್ಚು ಮಾಡಿಲ್ಲ ಎಂದು ಅವರು. ಈ ಜಗಳದಲ್ಲಿ ಯಾರು ಗೆದ್ದರೂ ಒಂಟಿಮನೆಗೆ ತೊಟ್ಟು ನೀರು ಹೆಚ್ಚಿಗೆ ಬರುವುದಿಲ್ಲ. ಎಡವಟ್ಟು ಇರುವುದು ನಕ್ಷೆಯಲ್ಲಿ.

ಕೊಳವೆಬಾವಿ, ಮೋಟಾರು, ಮೇಲ್ತೊಟ್ಟಿ, ಬೀದಿಗುಂಟ ಪೈಪು. ಗೋಡೆಗೆ ಗೋಡೆ ಅಂಟಿಕೊಂಡ ಬಯಲುಸೀಮೆಯ ಊರಿಗೆ ಇದು ಒಪ್ಪುವ ಲೆಕ್ಕ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಒಂದು ಗುಡ್ಡ, ಒಂದು ಹಳ್ಳ ದಾಟಬೇಕಾದ ಕಡೆಗೂ ಅದನ್ನೇ ತಂದು ಹಾಸಿದರೆ ಏನಾಗುತ್ತದೆ? ತಗ್ಗಿನ ಮನೆಯಲ್ಲಿ ಒತ್ತಡಕ್ಕೆ ಜಾಯಿಂಟು ಕಿತ್ತುಹೋಗುತ್ತದೆ, ದಿಬ್ಬದ ಮನೆಯ ನಲ್ಲಿ ಬುಸ್ಸೆನ್ನುತ್ತದೆ. ಆಷಾಢದ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತೆಂದರೆ ಮೋಟಾರು ನಿಂತಿತು, ತೊಟ್ಟಿ ಖಾಲಿಯಾಯಿತು. ಮಾಡಿನಿಂದ ಹಗಲೂರಾತ್ರಿ ನೀರು ಸುರಿಯುವ ಕಾಲದಲ್ಲೇ ಸರ್ಕಾರಿ ನಲ್ಲಿ ಒಣಗಿರುತ್ತದೆ! ಇನ್ನು ಮೋಟಾರಿನ ಬಿಲ್ಲು, ರಿಪೇರಿ, ನೀರುಗಂಟಿಯ ಸಂಬಳ ಎಲ್ಲವೂ ಪಂಚಾಯಿತಿಯ ತಲೆಗೆ.

ಅಬ್ಬಿ ನೀರಿಗೆ ಇದ್ಯಾವುದೂ ಬೇಡ. ಒರತೆಯ ಬುಡದಲ್ಲಿ ಕಲ್ಲು ಕಟ್ಟಿದ ಗುಂಡಿ, ಪೈಪಿನ ಬಾಯಿಗೆ ಜಾಲರಿ, ಅಲ್ಲಿಂದ ಇಳಿಜಾರಿನಲ್ಲಿ ಮನೆಯವರೆಗೆ ಪೈಪು. ಹಿಂದೆ ಅಡಿಕೆ ದಬ್ಬೆಯಲ್ಲಿ ಹರಿದು ಬರುತ್ತಿದ್ದದ್ದು ಈಗ ಪೈಪಿನಲ್ಲಿ ಬರುತ್ತದೆ, ಅಷ್ಟೆ. ತಾಪತ್ರಯ ಇಲ್ಲವೆಂದಲ್ಲ. ತರಗೆಲೆ ಬಂದು ಬಾಯಿ ಮುಚ್ಚುತ್ತದೆ, ಪುಟ್ಟ ಏಡಿಯೊಂದು ಒಳಹೊಕ್ಕು ಸಿಕ್ಕಿಕೊಳ್ಳುತ್ತದೆ, ಮಂಗ ಕಚ್ಚಿ ತೂತು ಮಾಡುತ್ತದೆ, ಏರಿನ ಜಾಗದಲ್ಲಿ ಗಾಳಿ ಹಿಡಿದರೆ ಜಾಯಿಂಟು ಬಿಚ್ಚಿ ಬಾಯಿಂದ ಎಳೆಯಬೇಕು. ಆದರೆ ಇದನ್ನೆಲ್ಲ ಸರಿಮಾಡಬಲ್ಲವರು ಆ ಮನೆಯಲ್ಲೇ ಇದ್ದಾರೆ. ಸುಟ್ಟುಹೋದ ಮೋಟಾರನ್ನು ಸರಿಮಾಡುವವರು ತಾಲ್ಲೂಕು ಕೇಂದ್ರದಿಂದ ಬರಬೇಕು.

ಬೇಸಿಗೆಯಲ್ಲಿ ಒರತೆ ಬತ್ತುತ್ತದೆ ಎನ್ನುತ್ತಾರೆ ಎಂಜಿನಿಯರುಗಳು. ಕೆಲವು ಬತ್ತುತ್ತವೆ, ಅಲ್ಲಿ ಬೇರೆ ದಾರಿ ನೋಡಲೇಬೇಕು. ಆದರೆ ನಿಮಿಷಕ್ಕೆ ಒಂದೇ ಲೀಟರ್ ಬರುವ ನೂಲಿನಂಥ ಧಾರೆಯೂ ದಿನಕ್ಕೆ 1,440 ಲೀಟರ್ ಕೊಡುತ್ತದೆ. ಐದು ಜನರ ಮನೆಗೆ ಯೋಜನೆಯೇ ಗೊತ್ತುಮಾಡಿರುವುದು 275 ಲೀಟರ್. ಮನೆಯ ಹಿಂದೊಂದು ಸಂಗ್ರಹ ತೊಟ್ಟಿ ಕಟ್ಟಿಕೊಟ್ಟರೆ ಮುಗಿಯಿತಲ್ಲ? ನೀರು ಶುದ್ಧವೇ ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಅದಕ್ಕೂ ಯೋಜನೆಯಲ್ಲೇ ಉತ್ತರವಿದೆ: ಊರಿಗೆ ಐದು ಮಂದಿ ಹೆಂಗಸರಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡಬೇಕು. ಒರತೆಯ ನೀರನ್ನೂ ಅವರ ಕೈಯಲ್ಲೇ ಪರೀಕ್ಷೆ ಮಾಡಿಸಿ, ಮರಳಿನ ಸೋಸುತೊಟ್ಟಿ ಹಾಕಿಸಿ. ಗುಡ್ಡಗಾಡಿಗೆ ಗುರುತ್ವದಿಂದ ಹರಿಯುವ ನೀರಿನ ಯೋಜನೆ ಮಾಡಬಾರದೆಂದು ದೆಹಲಿಯವರೇನೂ ಹೇಳಿಲ್ಲ, ಮಾಡಿ ಎಂದೇ ಹೇಳಿದ್ದಾರೆ. ನಮ್ಮಲ್ಲಿ ಅಂದಾಜು ಪಟ್ಟಿ ಬರೆಯುವ ಕೈಗೆ ಮೇಲ್ತೊಟ್ಟಿಯೇ ರೂಢಿ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಪದಕ ಕೊಡಲು ಇಲ್ಲದ ಸಂಕೋಚ ಆ ವಿದ್ಯೆಗೆ ದುಡ್ಡು ಕೊಡಲು ಯಾಕೋ?

ಅಬ್ಬಿ ಪೈಪು ಸರ್ಕಾರದ ಯೋಜನೆಯೇ ಆಗಬೇಕು ಎನ್ನಲು ಇನ್ನೊಂದು ದೊಡ್ಡ ಕಾರಣವಿದೆ. ಒರತೆ ಇರುವುದು ಬಹುಪಾಲು ಕಾಡಿನಲ್ಲಿ. ಮನೆಯವರು ತಾವಾಗಿ ಪೈಪು ಎಳೆದರೆ ಅದು ಒತ್ತುವರಿ. ಗಾರ್ಡು ಒಳ್ಳೆಯವನಾದರೆ ಉಳಿಯಿತು, ಇಲ್ಲವಾದರೆ ಕಡಿದ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ಕುಡಿಯುವ ನೀರಿನ ಪೈಪಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಬಿಟ್ಟುಕೊಡಲು ಅವಕಾಶ ಮಾಡಿದೆ. ಗ್ರಾಮಸಭೆ ಶಿಫಾರಸು ಮಾಡಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು. ಗುಡ್ಡದ ಮೇಲೆ ಒಂದಿಂಚಿನ ಪೈಪು ಎಳೆಯಲು ಮರ ಕಡಿಯುವವರು ಯಾರು! ಆದರೆ ಆ ಸೌಲಭ್ಯ ಸರ್ಕಾರ ನಿರ್ವಹಿಸುವಂಥದ್ದಾಗಿರಬೇಕು ಎಂಬ ಷರತ್ತೂ ಅಲ್ಲೇ ಇದೆ. ಅಂದರೆ ಪಂಚಾಯಿತಿ ಆ ಪೈಪನ್ನು ತನ್ನದೆಂದು ಬರೆದುಕೊಳ್ಳುವವರೆಗೂ ಈ ಬಾಗಿಲು ತೆರೆಯುವುದಿಲ್ಲ. ರಸ್ತೆ ಪಕ್ಕ ತೊಟ್ಟಿ ಕಟ್ಟಿ ಬಿಲ್ಲು ಮಾಡಿಸಿಕೊಂಡವರು, ಒಂಟಿಮನೆಗೆ ಅರಣ್ಯ ಇಲಾಖೆ ಅಡ್ಡಿ ಎಂದು ಕೈ ತೊಳೆದುಕೊಳ್ಳುವುದು ಇದಕ್ಕೇ.

ಊರಿನ ಎಲ್ಲ ಮನೆಗೂ ನೀರು ಬಂತೆಂದು ಇಲಾಖೆ ಬರೆದುಕೊಂಡರಷ್ಟೇ ಸಾಲದು, ಗ್ರಾಮಸಭೆ ನಿರ್ಣಯ ಮಾಡಿ ಒಪ್ಪಬೇಕು ಎಂಬ ನಿಯಮವಿದೆ. ಒಂಟಿಮನೆಯವರ ಕೈಯಲ್ಲಿರುವುದು ಇದೊಂದೇ ಹಿಡಿತ. ಆ ಸಭೆಯನ್ನು ಹಳ್ಳಕೊಳ್ಳ ತುಂಬಿ ಹರಿಯುವ ಆಗಸ್ಟಿನಲ್ಲಿ ಕರೆದರೆ ಹೋಗಬೇಡಿ. ಏಪ್ರಿಲ್ ಕೊನೆಗೆ ಕರೆಯಿರಿ, ಎಂಜಿನಿಯರ್ ಸಾಹೇಬರೂ ಬರಲಿ, ಊರಿನ ತುದಿಮನೆಯ ನಲ್ಲಿ ತಿರುಗಿಸಿ ನೋಡಿದ ಮೇಲೆ ಸಹಿ ಎಂದು ಈಗಲೇ ಬರೆದುಕೊಡಿ.